ಹೆಸರು ವಿಂಚೆಸ್ಟರ್, ಊರು ಕೋಚಿ

ಈಗ ಮಾರಾಟದಲ್ಲಿರುವ ಹೊಸ ವಿಂಚೆಸ್ಟರ್ 94 ರೈಫಲ್ ಒಂದನ್ನು ಬೆಳಕಿಗೆ ಹಿಡಿದು ಅದರ ನಳಿಗೆ ನೋಡಿ. ಎರಡು ಬರಹ ಕಾಣುತ್ತವೆ. ಒಂದು, ವಿಂಚೆಸ್ಟರ್ ಎಂಬ ಹೆಸರು. ಇನ್ನೊಂದು, ‘ಮೇಡ್ ಇನ್ ಜಪಾನ್ ಬೈ ಮಿರೋಕು’.

ಕೌಬಾಯ್ ಸಿನಿಮಾ ನೋಡಿದ ಎಲ್ಲರಿಗೂ ಈ ಕೋವಿಯ ಪರಿಚಯ ಇದ್ದೇ ಇರುತ್ತದೆ. ಟ್ರಿಗರ್ ಸುತ್ತ ಬಳೆಯ ಥರ ಒಂದು ಲಿವರ್ ಇರುತ್ತದಲ್ಲ, ಅದನ್ನು ಕೆಳಕ್ಕೆ ತಳ್ಳಿ ಮೇಲೆಳೆದರೆ ಮುಂದಿನ ಗುಂಡು ರೆಡಿ. ಅಮೆರಿಕದ ಹಳ್ಳಿಮನೆಗಳಲ್ಲಿ ಅಜ್ಜನಿಂದ ಮೊಮ್ಮಗನಿಗೆ ಬರುವ ಸಾಮಾನು ಅದು. ಅಂಥದ್ದರ ಮೇಲೆ ಜಪಾನಿನ ಹೆಸರು ಕಂಡರೆ ಅಲ್ಲಿನವರಿಗೆ ಕಸಿವಿಸಿ. ದುಡ್ಡು ಉಳಿಸೋಕೆ ನಮ್ಮ ಕೋವಿಯನ್ನೂ ಹೊರಗೆ ಸಾಗಿಸಿಬಿಟ್ಟರು ಎಂದು ಗೊಣಗುತ್ತಾರೆ.

ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಬಟ್ಟೆ, ಆಟಿಕೆ, ಟಿ.ವಿ. ಹೋದ ದಾರಿಯಲ್ಲೇ ಇದೂ ಹೋಗಿರಬೇಕು ಅಂತ. ಆದರೆ ಬೆಲೆ ಪಟ್ಟಿ ನೋಡಿದರೆ ಲೆಕ್ಕ ಉಲ್ಟಾ ಇದೆ. ಅಮೆರಿಕದಲ್ಲೇ ತಯಾರಾಗುವ ‘ರೂಗರ್ ಅಮೆರಿಕನ್’ ಎಂಬ ಸಾದಾ ಬೇಟೆ ರೈಫಲ್ ಕೆಲವು ನೂರು ಡಾಲರ್‌ಗೆ ಸಿಗುತ್ತದೆ. ಜಪಾನಿನಿಂದ ಹಡಗು ಹತ್ತಿ ಬರುವ ವಿಂಚೆಸ್ಟರ್ 94 ಸಾವಿರ ಡಾಲರ್ ದಾಟುತ್ತದೆ. ಅಗ್ಗದ್ದು ಮನೆಯಲ್ಲಿ ಉಳಿದಿದೆ, ದುಬಾರಿಯದು ಊರು ಬಿಟ್ಟಿದೆ. ಇದು ಹೇಗೆ ಎಂದು ತಿಳಿಯಬೇಕಾದರೆ ಆ ಕೋವಿಯ ಹೊಟ್ಟೆಯೊಳಗೆ ಏನಿದೆ ಎಂದು ಸ್ವಲ್ಪ ನೋಡಬೇಕು. ಅದಕ್ಕೂ ಮುಂಚೆ ಒಂದಿಷ್ಟು ಹಳೇ ಕತೆ.

ಅಂಗಿ ವ್ಯಾಪಾರಿಯ ಕಾರ್ಖಾನೆ

ಆಲಿವರ್ ವಿಂಚೆಸ್ಟರ್‌ಗೆ ಕೋವಿ ಮಾಡುವ ಕಸುಬು ಗೊತ್ತಿರಲಿಲ್ಲ. ಆತ ಗಂಡಸರ ಅಂಗಿ ಹೊಲಿಸಿ ಮಾರುತ್ತಿದ್ದ ವ್ಯಾಪಾರಿ. ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಊರಿನಲ್ಲಿ ನಷ್ಟದಲ್ಲಿದ್ದ ಒಂದು ಕೋವಿ ಕಂಪನಿಗೆ ದುಡ್ಡು ಹಾಕಿ, ಅದನ್ನು ಕೈಗೆ ತಗೊಂಡು, 1866ರಲ್ಲಿ ತನ್ನದೇ ಹೆಸರಿಟ್ಟ. 1873ರ ಮಾದರಿ ಸುಮಾರು 7.2 ಲಕ್ಷ ತಯಾರಾಯಿತು. ‘ಪಶ್ಚಿಮವನ್ನು ಗೆದ್ದ ಕೋವಿ’ ಎಂದು ಕಂಪನಿ ಜಾಹೀರಾತು ಮಾಡಿದ್ದು ಇದನ್ನೇ.

ನಿಜವಾದ ತಲೆ ಮಾತ್ರ ಬೇರೆ ಕಡೆ ಇತ್ತು. ಯೂಟಾದ ಆಗ್ಡೆನ್ ಎಂಬ ಊರಿನಲ್ಲಿ ಜಾನ್ ಮೋಸೆಸ್ ಬ್ರೌನಿಂಗ್ ಎಂಬಾತ ಅಣ್ಣತಮ್ಮಂದಿರ ಜೊತೆ ಕೋವಿ ಅಂಗಡಿ ಇಟ್ಟುಕೊಂಡಿದ್ದ. ಅವನ ಕೈಯಿಂದ ಬಂದ ಒಂದು ರೈಫಲ್ ನ್ಯೂ ಹೇವನ್ನಿನವರ ಕಣ್ಣಿಗೆ ಬಿತ್ತು. 1883ರಲ್ಲಿ ಕಂಪನಿಯ ದೊಡ್ಡ ಅಧಿಕಾರಿ ಟಿ. ಜಿ. ಬೆನೆಟ್ ಖುದ್ದಾಗಿ ಆಗ್ಡೆನ್‌ಗೆ ಹೋಗಿ ಅದರ ಹಕ್ಕು ಕೊಂಡುಕೊಂಡ. ಆಮೇಲೆ ಸುಮಾರು ಎರಡು ದಶಕ ಬ್ರೌನಿಂಗ್ ವಿನ್ಯಾಸ ಮಾಡುವುದು, ವಿಂಚೆಸ್ಟರ್ ಕೊಂಡುಕೊಳ್ಳುವುದು. 1886, 1892, 1894, 1895, ಈ ಇಸವಿಗಳ ಹೆಸರಲ್ಲಿ ಬಂದ ಲಿವರ್ ಕೋವಿಗಳೆಲ್ಲ ಅವನ ತಲೆಯಿಂದ ಬಂದವು. 94 ಅಂತೂ 70 ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು. ಅದರ ಥರ್ಟಿ-ಥರ್ಟಿ ತೋಟಾ ಅಮೆರಿಕದ ಜಿಂಕೆ ಬೇಟೆಗೆ ಇನ್ನೊಂದು ಹೆಸರೇ ಆಗಿಹೋಯಿತು.

1895ರ ಮಾದರಿಯ ಬಗ್ಗೆ ಇಲ್ಲಿ ನಾಲ್ಕು ಮಾತು ಜಾಸ್ತಿ ಹೇಳಬೇಕು, ನಮಗೆ ಬೇಕಾದ ಕೋವಿ ಅದು. ಹಳೆಯ ಲಿವರ್ ಕೋವಿಗಳಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯೊಳಗೆ ಸಾಲಾಗಿ ಒಂದರ ಹಿಂದೆ ಒಂದು ಕೂರುತ್ತವೆ. ಹಿಂದಿನ ತೋಟಾದ ಗುಂಡಿನ ಮೂತಿ ಮುಂದಿನ ತೋಟಾದ ತಳದ ಕೇಪಿಗೆ, ಅಂದರೆ ಬಡಿದರೆ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆಗೆ, ಒರಗಿಕೊಂಡಿರುತ್ತದೆ. ಗುಂಡಿನ ಮೂತಿ ಚೂಪಾಗಿದ್ದರೆ ಏನಾಗಬಹುದು ಯೋಚಿಸಿ. ಕೋವಿ ಜಗ್ಗಿದಾಗ ಅದೇ ಮೊಳೆಯಾಗಿ ಕೇಪಿಗೆ ಹೊಡೆದು ಕೊಳವೆಯೊಳಗೇ ಸಿಡಿಯಬಹುದು. ಅದಕ್ಕೇ ಆ ಕೋವಿಗಳಿಗೆ ಮೊಂಡು ಮೂತಿಯ ಗುಂಡು. ಬ್ರೌನಿಂಗ್ 1895ರಲ್ಲಿ ಕೊಳವೆ ತೆಗೆದು ಹೊಟ್ಟೆಯ ಕೆಳಗೆ ಪೆಟ್ಟಿಗೆ ಇಟ್ಟ. ತೋಟಾಗಳು ಒಂದರ ಮೇಲೊಂದು ಕೂತವು. ಚೂಪು ಗುಂಡಿಗೂ ದೊಡ್ಡ ತೋಟಾಗೂ ಜಾಗವಾಯಿತು. ಆ ದೊಡ್ಡ ತೋಟಾಗಳಲ್ಲಿ ಒಂದು 405 ವಿಂಚೆಸ್ಟರ್. ಅಮೆರಿಕದ ಅಧ್ಯಕ್ಷನಾಗಿದ್ದ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಹೊತ್ತುಕೊಂಡು ಹೋದದ್ದು ಇದನ್ನು. ಬೆಂಗಳೂರಿನ ಕೆನೆತ್ ಆಂಡರ್ಸನ್ ನರಭಕ್ಷಕಗಳ ಜಾಡು ಹಿಡಿದು ಹೋಗುವಾಗ ಹೆಗಲಿಗೇರಿಸುತ್ತಿದ್ದದ್ದೂ ಇದನ್ನೇ. ಅವರ ಅನುಭವಗಳು ಕನ್ನಡಕ್ಕೂ ಬಂದಿವೆ, ಓದಿದವರಿಗೆ ಈ ‘405’ ಎಂಬ ಅಂಕಿ ನೆನಪಿರುತ್ತದೆ.

ಮೊದಲು ಹಡಗು ಹತ್ತಿದವನು

ಅಮೆರಿಕದ ಕೋವಿಗಳು ಹೊರದೇಶಕ್ಕೆ ಹೋಗಿದ್ದು ಇತ್ತೀಚಿನ ಜಾಗತೀಕರಣದಿಂದ ಎಂದು ತುಂಬ ಜನ ನಂಬಿದ್ದಾರೆ. ನೂರಿಪ್ಪತ್ತು ವರ್ಷದ ಹಿಂದೆ ಬ್ರೌನಿಂಗ್ ಸ್ವತಃ ಈ ಕೆಲಸ ಮಾಡಿದ್ದ.

ಅವನು ತನ್ನಷ್ಟಕ್ಕೆ ತಾನೇ ತೋಟಾ ಬದಲಿಸಿಕೊಳ್ಳುವ ಒಂದು ಷಾಟ್‌ಗನ್ ಮಾಡಿದ. ಅದಕ್ಕೆ ಹಿಂದಿನ ಹಾಗೆ ಒಂದೇ ಸಲ ದುಡ್ಡು ತಗೊಂಡು ಕೈತೊಳೆದುಕೊಳ್ಳಲು ಅವನಿಗೆ ಇಷ್ಟವಿರಲಿಲ್ಲ. ಮಾರಾಟವಾದ ಪ್ರತಿ ಕೋವಿಗೂ ಇಂತಿಷ್ಟು ಎಂದು ಕೇಳಿದ. ಬೆನೆಟ್ ಒಪ್ಪಲಿಲ್ಲ. ಬ್ರೌನಿಂಗ್ ಎದ್ದು ರೆಮಿಂಗ್ಟನ್ ಕಂಪನಿಗೆ ಹೋದ. ಅಲ್ಲಿನ ಮುಖ್ಯಸ್ಥ ಮಾರ್ಸೆಲಸ್ ಹಾರ್ಟ್ಲಿಯನ್ನು ಕಾಣಲು ಕಾಯುತ್ತಿರುವಾಗಲೇ ಆತ ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಬಂತು. ಅದು 1902ರ ಜನವರಿ. ಬ್ರೌನಿಂಗ್ ಹಡಗು ಹತ್ತಿ ಬೆಲ್ಜಿಯಂಗೆ ಹೋದ. ಲಿಯೇಜ್ ಪಕ್ಕದ ಎರ್ಸ್ಟಾಲ್‌ನಲ್ಲಿ ಎಫ್‌ಎನ್ ಎಂಬ ಕಾರ್ಖಾನೆ ಇತ್ತು, 1889ರಲ್ಲಿ ಶುರುವಾದದ್ದು. ಅವರು ಕೈ ಹಿಡಿದರು.

ಆ ಷಾಟ್‌ಗನ್ನೇ ಆಟೋ-5. ಅಮೆರಿಕದ ಬಾತುಕೋಳಿ ಬೇಟೆಗಾರರು ತಲೆಮಾರುಗಟ್ಟಲೆ ತಮ್ಮದೇ ಎಂದು ಹೆಮ್ಮೆಪಟ್ಟ ಆ ಬ್ರೌನಿಂಗ್ ಕೋವಿ ಬೆಲ್ಜಿಯಂನಲ್ಲಿ ಹುಟ್ಟಿದ್ದು. 1970ರ ದಶಕದಲ್ಲಿ ಅದು ಅಲ್ಲಿಂದಲೂ ಎದ್ದು ಜಪಾನಿಗೆ ಹೋಯಿತು. ಆಗ ಅಭಿಮಾನಿಗಳು ‘ಬೆಲ್ಜಿಯಂ ಬ್ರೌನಿಂಗ್ ಹೋಯ್ತಲ್ಲ’ ಎಂದು ಕೊರಗಿದರು. ಅಮೆರಿಕ ಹೋಯಿತು ಎಂದು ಅಲ್ಲ! ಒಂದು ವಸ್ತು ಒಂದು ಕಡೆ ಎಪ್ಪತ್ತು ವರ್ಷ ತಯಾರಾದರೆ ಜನರ ಪಾಲಿಗೆ ಅದೇ ಅದರ ತವರು. ಬ್ರೌನಿಂಗ್ ಕೊನೆಯುಸಿರೆಳೆದದ್ದೂ ಬೆಲ್ಜಿಯಂನ ಅದೇ ಕಾರ್ಖಾನೆಯಲ್ಲಿ, 1926ರಲ್ಲಿ. ಎಫ್‌ಎನ್ 1977ರಲ್ಲಿ ಬ್ರೌನಿಂಗ್ ಕಂಪನಿಯನ್ನೇ ಕೊಂಡುಕೊಂಡಿತು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಕಬ್ಬಿಣಕ್ಕಿಂತ ಕೈ ಅಗ್ಗವಾಗಿದ್ದ ಕಾಲ

ಈಗ ಹೊಟ್ಟೆಯೊಳಗೆ ಹೋಗೋಣ. ರೈಫಲ್ಲಿನ ನಡುವಿನ ಭಾಗಕ್ಕೆ ರಿಸೀವರ್ ಎನ್ನುತ್ತಾರೆ. ನಳಿಗೆ ಅದಕ್ಕೆ ಕಚ್ಚಿಕೊಂಡಿರುತ್ತದೆ, ಟ್ರಿಗರ್ ಅದರೊಳಗೆ ಕೂರುತ್ತದೆ, ತೋಟಾ ಅದರ ಮೂಲಕ ಹಾದು ಹೋಗುತ್ತದೆ. ಹಳೆಯ ಪದ್ಧತಿಯಲ್ಲಿ ಕಾದ ಉಕ್ಕನ್ನು ಬಡಿದು ದಪ್ಪ ಗಟ್ಟಿ ಮಾಡುತ್ತಿದ್ದರು. ಆಮೇಲೆ ಆ ಗಟ್ಟಿಯನ್ನು ಮಿಲ್ಲಿಂಗ್ ಯಂತ್ರಕ್ಕೆ ಕಟ್ಟಿ ಕೊರೆಯುವುದು. ಒಂದು ಯಂತ್ರ ಒಂದು ಕಚ್ಚು ಕೊರೆಯುತ್ತದೆ. ಬಿಚ್ಚಿ, ಮುಂದಿನ ಯಂತ್ರಕ್ಕೆ ಕಟ್ಟಿ, ಇನ್ನೊಂದು ಮೂಲೆ. ಹೀಗೆ ಸಾಲುಗಟ್ಟಿ ನಿಂತ ಯಂತ್ರ, ಪ್ರತಿ ಯಂತ್ರಕ್ಕೂ ಒಬ್ಬ ಮನುಷ್ಯ. ಕೊನೆಗೆ ಅರ ಹಿಡಿದ ಇನ್ನೊಬ್ಬ. ಅವನು ಎರಡು ಭಾಗ ಕೂಡಿಸಿ ನೋಡುತ್ತಾನೆ, ಎಲ್ಲಿ ಹಿಡಿಯುತ್ತದೋ ಅಲ್ಲಿ ಎರಡು ಸಲ ಉಜ್ಜುತ್ತಾನೆ, ಮತ್ತೆ ಕೂಡಿಸುತ್ತಾನೆ. ಲಿವರ್ ಬೆಣ್ಣೆಯ ಹಾಗೆ ಜಾರುವವರೆಗೂ ಇದೇ ಕೆಲಸ.

ಬ್ರೌನಿಂಗ್ ಕಾಲದಲ್ಲಿ ಇದು ದುಬಾರಿ ಎಂದು ಯಾರಿಗೂ ಅನಿಸಲಿಲ್ಲ. ಕೂಲಿ ಅಗ್ಗವಾಗಿತ್ತು. 1936ರಲ್ಲಿ ಬಂದ ವಿಂಚೆಸ್ಟರ್ ಮಾಡೆಲ್ 70 ಕೂಡ ಇದೇ ಮನೋಭಾವದ ಕೂಸು. ಇದು ಲಿವರ್ ಕೋವಿಯಲ್ಲ, ಬೋಲ್ಟ್ ಕೋವಿ. ಬಾಗಿಲ ಚಿಲಕದ ಹಾಗೆ ಹಿಡಿ ಎತ್ತಿ ಹಿಂದಕ್ಕೆಳೆದು ಮುಂದಕ್ಕೆ ತಳ್ಳಬೇಕು. ಇದರ ಹೆಗ್ಗಳಿಕೆ ಬೋಲ್ಟಿನ ಪಕ್ಕದಲ್ಲಿದ್ದ ಉದ್ದನೆಯ ಉಕ್ಕಿನ ಕೊಕ್ಕೆ. ಪೆಟ್ಟಿಗೆಯಿಂದ ತೋಟಾ ಮೇಲೆ ಬರುತ್ತಿದ್ದ ಹಾಗೆ ಅದರ ಅಂಚು ಈ ಕೊಕ್ಕೆಯೊಳಗೆ ಜಾರಿಕೊಂಡು ಬಿಗಿಯಾಗಿ ಕೂರುತ್ತದೆ. ಅಲ್ಲಿಂದ ನಳಿಗೆಯೊಳಗೆ ಹೋಗಿ, ಸಿಡಿದು, ಖಾಲಿಯಾಗಿ ಹೊರಗೆ ಬೀಳುವ ತನಕ ಕೊಕ್ಕೆ ಅದನ್ನು ಬಿಡುವುದಿಲ್ಲ. ಕೋವಿ ಓರೆಯಾಗಿರಲಿ, ತಲೆಕೆಳಗಾಗಿರಲಿ, ಹಿಡಿದವನ ಕೈ ನಡುಗುತ್ತಿರಲಿ. ಎದುರಿಗೆ ಕರಡಿ ಓಡಿ ಬರುವಾಗ ತೋಟಾ ಸಿಕ್ಕಿಹಾಕಿಕೊಂಡರೆ ಕತೆ ಮುಗಿಯಿತಲ್ಲ. ಅದಕ್ಕೇ ಬೇಟೆಗಾರರು ಈ ಕೊಕ್ಕೆಗೆ ಪ್ರಾಣ ಬಿಡುತ್ತಿದ್ದರು.

ಆದರೆ ಎರಡನೇ ಮಹಾಯುದ್ಧದ ನಂತರ ಕನೆಕ್ಟಿಕಟ್‌ನಲ್ಲಿ ಕೂಲಿ ಏರಿತು. ಅದೇ ಹೊತ್ತಿಗೆ ಎದುರಾಳಿಗಳು ಬುದ್ಧಿವಂತಿಕೆಯಿಂದ ಹೊಸ ಕೋವಿ ಮಾಡಿದರು. 1962ರ ರೆಮಿಂಗ್ಟನ್ 700 ನೋಡಿ. ಅದರ ರಿಸೀವರ್ ಒಂದು ದುಂಡನೆಯ ಸರಳು. ಲೇತಿಗೆ ಕಟ್ಟಿ ತಿರುಗಿಸಿದರೆ ಮುಕ್ಕಾಲು ಕೆಲಸ ಆಯಿತು. ಗುಂಡು ಹಾರಿದಾಗ ಹಿಂದಕ್ಕೆ ಬರುವ ಪೆಟ್ಟನ್ನು ಮರಕ್ಕೆ ದಾಟಿಸುವ ಗಟ್ಟಿ ತುಂಡು ಮಾಡೆಲ್ 70ರಲ್ಲಿ ರಿಸೀವರ್‌ನದೇ ಅಂಗ, ಅದನ್ನು ಗಟ್ಟಿಯಿಂದಲೇ ಕೊರೆದು ತೆಗೆಯಬೇಕು. ರೆಮಿಂಗ್ಟನ್ನವರು ವಾಷರ್ ಥರದ ಬಿಡಿ ತುಂಡೊಂದನ್ನು ನಳಿಗೆಗೂ ರಿಸೀವರ್‌ಗೂ ನಡುವೆ ಸಿಕ್ಕಿಸಿಬಿಟ್ಟರು. 1958ರ ಸ್ಯಾವೇಜ್ 110 ಇನ್ನೂ ಸರಳ. ನಳಿಗೆಗೂ ಬೋಲ್ಟಿಗೂ ನಡುವಿನ ಅಂತರ ಕೂದಲೆಳೆಯಷ್ಟೂ ತಪ್ಪಬಾರದು. ಹಳಬರು ಅದನ್ನು ಉಜ್ಜಿ ಉಜ್ಜಿ ಸರಿ ಮಾಡುತ್ತಿದ್ದರು. ಸ್ಯಾವೇಜ್‌ನವರು ನಳಿಗೆಗೆ ಒಂದು ನಟ್ ಹಾಕಿದರು. ತಿರುಗಿಸಿ, ಅಳತೆ ನೋಡಿ, ಬಿಗಿ ಮಾಡಿ. ಮುಗೀತು. ನನ್ನ ಕೇಳಿದರೆ ಈ ನಟ್ ಬ್ರೌನಿಂಗ್ ಕೆಲಸಕ್ಕೆ ಸಮನಾದ ಜಾಣತನ. ಆದರೆ ನಟ್ ಮೇಲೆ ಯಾರೂ ಕವನ ಬರೆಯುವುದಿಲ್ಲ.

ವಿಂಚೆಸ್ಟರ್‌ಗೆ ಎರಡು ದಾರಿ ಇದ್ದವು. ಹೊಸದಾಗಿ ಅಗ್ಗದ ಕೋವಿ ವಿನ್ಯಾಸ ಮಾಡುವುದು. ಅಥವಾ ಹಳೆಯ ಹೆಸರನ್ನೇ ಇಟ್ಟುಕೊಂಡು ಒಳಗಿನದನ್ನು ಅಗ್ಗ ಮಾಡುವುದು. ಕಂಪನಿ 1964ರಲ್ಲಿ ಎರಡನೆಯದನ್ನು ಆರಿಸಿಕೊಂಡಿತು. ಮಾಡೆಲ್ 70ರ ಕೊಕ್ಕೆ ಮಾಯವಾಯಿತು. ಮರದ ಮೇಲೆ ಕೈಯಲ್ಲಿ ಕೊರೆಯುತ್ತಿದ್ದ ಚೌಕಳಿ ಗೆರೆಗಳನ್ನು ಅಚ್ಚಿನಲ್ಲಿ ಒತ್ತಿದರು. 94ರೊಳಗೆ ತೋಟಾ ಎತ್ತಿಕೊಡುವ ಗಟ್ಟಿ ಉಕ್ಕಿನ ತುಂಡಿನ ಬದಲು ತಗಡಿನ ತುಂಡು ಬಂತು, ಗಟ್ಟಿ ಪಿನ್ನಿನ ಜಾಗಕ್ಕೆ ಟೊಳ್ಳು ಪಿನ್ನು ಬಂತು. ರಿಸೀವರ್‌ನ ಉಕ್ಕು ಬದಲಾಗಿ, ಕೋವಿಗೆ ಹಾಕುವ ಆ ಕಪ್ಪು ನೀಲಿ ಬಣ್ಣ ಅದಕ್ಕೆ ಸರಿಯಾಗಿ ಹಿಡಿಯಲಿಲ್ಲ. ಕೆಲವು ಸುಧಾರಣೆಗಳೂ ಇದ್ದವು ಅನ್ನಿ. ಆದರೆ ಕೊಳ್ಳುವವನು ಲಿವರ್ ಆಡಿಸಿದಾಗ ಒಳಗಿನಿಂದ ತಗಡಿನ ಸದ್ದು ಬಂತು.

ಜನ ಕ್ಷಮಿಸಲಿಲ್ಲ. ‘64ಕ್ಕೆ ಮುಂಚಿನದ್ದು’ ಎಂಬುದು ಅಮೆರಿಕದ ಹಳೇ ಕೋವಿ ಪೇಟೆಯಲ್ಲಿ ಇವತ್ತಿಗೂ ಬೆಲೆ ಏರಿಸುವ ಮಾತು. ಗಮನಿಸಿ, ಇದೆಲ್ಲ ನ್ಯೂ ಹೇವನ್ನಿನಲ್ಲೇ, ಅದೇ ಸೂರಿನಡಿ ಆದದ್ದು. ಒಂದು ಮೊಳೆಯೂ ದೇಶ ಬಿಟ್ಟು ಹೋಗಿರಲಿಲ್ಲ.

ಹೆಸರು ಒಬ್ಬರದು, ಕೈ ಇನ್ನೊಬ್ಬರದು

ಆಮೇಲಿನದು ನಿಧಾನವಾದ ಇಳಿಜಾರು. ವಿಂಚೆಸ್ಟರ್ 1931ರಲ್ಲಿ ದಿವಾಳಿಯಾದಾಗಲೇ ಓಲಿನ್ ಕುಟುಂಬದ ಕೈ ಸೇರಿತ್ತು. 1979-80ರಲ್ಲಿ ದೀರ್ಘ ಮುಷ್ಕರ ಆಯಿತು. 1981ರಲ್ಲಿ ಓಲಿನ್ ಕಾರ್ಖಾನೆಯನ್ನು ಮಾರಿತು. ಕೊಂಡವರು ಯು.ಎಸ್. ರಿಪೀಟಿಂಗ್ ಆರ್ಮ್ಸ್ ಎಂಬ ಹೊಸ ಕಂಪನಿ ಕಟ್ಟಿದರು. ಇಲ್ಲಿ ಒಂದು ಸೂಕ್ಷ್ಮವಿದೆ. ಓಲಿನ್ ಮಾರಿದ್ದು ಕಾರ್ಖಾನೆಯನ್ನು. ವಿಂಚೆಸ್ಟರ್ ಎಂಬ ಹೆಸರನ್ನು ಮಾರಲಿಲ್ಲ, ಬಾಡಿಗೆಗೆ ಕೊಟ್ಟಿತು. ತೋಟಾ ವ್ಯಾಪಾರವನ್ನಂತೂ ತನ್ನ ಹತ್ತಿರವೇ ಇಟ್ಟುಕೊಂಡಿತು. ಹಾಗಾಗಿ ಇವತ್ತು ವಿಂಚೆಸ್ಟರ್ ರೈಫಲ್ಲಿಗೆ ವಿಂಚೆಸ್ಟರ್ ತೋಟಾ ತುಂಬಿದರೆ, ಅವೆರಡನ್ನು ಮಾಡಿದ ಕಂಪನಿಗಳು ಬೇರೆ ಬೇರೆ. ನಡುವೆ ಇರುವುದು ಒಂದು ಪರವಾನಗಿ ಕಾಗದ.

ಹೊಸ ಕಂಪನಿ 1986ರಲ್ಲಿ ದಿವಾಳಿಯಾಯಿತು. ಕೊನೆಗೆ ಅದು ಸೇರಿದ್ದು ಯಾರ ಕೈಗೆ ಗೊತ್ತಾ? ಬೆಲ್ಜಿಯಂನ ಎಫ್‌ಎನ್ ಬಳಗಕ್ಕೆ! ಬೆನೆಟ್ ಬಾಗಿಲು ಹಾಕಿ ಕಳಿಸಿದ್ದ ಬ್ರೌನಿಂಗ್‌ಗೆ ಆಸರೆ ಕೊಟ್ಟಿದ್ದ ಅದೇ ಕಾರ್ಖಾನೆಯವರು. ಆ ಬಳಗದ ಒಡೆತನ ಈಗ ಬೆಲ್ಜಿಯಂನ ವಲೋನಿಯಾ ಪ್ರಾಂತ್ಯದ ಸರ್ಕಾರದ್ದು. ಅಂದರೆ ಕೌಬಾಯ್ ಕೋವಿಗೆ ಇವತ್ತು ಯಜಮಾನರು ಫ್ರೆಂಚ್ ಮಾತಾಡುವ ಒಂದು ಪ್ರಾಂತೀಯ ಸರ್ಕಾರ.

2006ರ ಮಾರ್ಚ್ ಕೊನೆಗೆ ನ್ಯೂ ಹೇವನ್ ಕಾರ್ಖಾನೆ ಬಾಗಿಲು ಹಾಕಿತು. ಮಹಾಯುದ್ಧದ ಕಾಲದಲ್ಲಿ ಅಲ್ಲಿ 19 ಸಾವಿರದಷ್ಟು ಜನ ಕೆಲಸ ಮಾಡುತ್ತಿದ್ದರು. ಕೊನೆಯ ದಿನ ಉಳಿದಿದ್ದವರು 200ಕ್ಕೂ ಕಡಿಮೆ. ಹಳೆಯ ಕಟ್ಟಡಗಳ ಒಂದು ಭಾಗ ಈಗ ಬಾಡಿಗೆ ಅಪಾರ್ಟ್‌ಮೆಂಟ್.

ಮೈಸೂರಿನವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ಐಡಿಯಲ್ ಜಾವಾ 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ ಹೆಸರು ವಾಪಸ್ ಬಂತು, ಬೈಕು ಮಾತ್ರ ತಯಾರಾಗಿದ್ದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರು, ವಿನ್ಯಾಸ, ಕಾರ್ಖಾನೆ ಮೂರೂ ಒಂದೇ ಎಂದು ನಾವು ಅಂದುಕೊಂಡಿರುತ್ತೇವೆ. ಕಾಗದದ ಮೇಲೆ ಮೂರೂ ಬೇರೆ ಬೇರೆ ಆಸ್ತಿ. ಒಂದೊಂದನ್ನೂ ಬೇರೆ ಬೇರೆಯವರಿಗೆ ಮಾರಬಹುದು.

ತಿಮಿಂಗಿಲದ ಫಿರಂಗಿಯಿಂದ ಕೌಬಾಯ್ ಕೋವಿಗೆ

ಜಪಾನಿನ ಶಿಕೋಕು ದ್ವೀಪದಲ್ಲಿ ಕೋಚಿ ಎಂಬ ಪ್ರಾಂತ್ಯವಿದೆ. ಕೇರಳದ ಕೊಚ್ಚಿ ಅಂದುಕೊಳ್ಳಬೇಡಿ, ಇದು ಬೇರೆ. ಮಿರೋಕು ಇರುವುದು ಅಲ್ಲಿ. 1893ರಲ್ಲಿ ಬೇಟೆ ಕೋವಿ ಮಾಡುವ ಮನೆಯಾಗಿ ಶುರುವಾಯಿತು. ನಂತರ ತಿಮಿಂಗಿಲ ಬೇಟೆಗೆ ಈಟಿ ಹಾರಿಸುವ ಫಿರಂಗಿ ಮಾಡಿತು. 1960ರ ದಶಕದಲ್ಲಿ ಬ್ರೌನಿಂಗ್ ಕಂಪನಿ ಇವರ ಜೊತೆ ಕೈ ಜೋಡಿಸಿತು.

ಮಿರೋಕು ಬಳಗದ ಬೇರೆ ಕಸುಬು ಕೇಳಿದರೆ ಅವರಿಗೇ ಈ ಕೆಲಸ ಯಾಕೆ ಸಿಕ್ಕಿತು ಎಂದು ಗೊತ್ತಾಗುತ್ತದೆ. ಒಂದು, ಉದ್ದನೆಯ ತೂತು ಕೊರೆಯುವ ಯಂತ್ರ ಮಾಡುತ್ತಾರೆ. ನಳಿಗೆ ಅಂದರೆ ಉದ್ದನೆಯ ತೂತು ತಾನೇ? ಎರಡು ಅಡಿ ಉಕ್ಕಿನ ಸರಳಿನೊಳಗೆ ನೆಟ್ಟಗೆ, ಒಂದು ಕಡೆಗೂ ವಾಲದ ಹಾಗೆ ತೂತು ಹೊಡೆಯುವುದು ಈ ಕಸುಬಿನಲ್ಲೇ ಕಷ್ಟದ ಕೆಲಸ. ಬೇರೆಯವರು ಆ ಯಂತ್ರ ಕೊಂಡು ತರುತ್ತಾರೆ, ಇವರು ಮಾಡಿ ಮಾರುತ್ತಾರೆ. ಇನ್ನೊಂದು, ದುಬಾರಿ ಕಾರುಗಳಿಗೆ ಮರದ ಸ್ಟಿಯರಿಂಗ್ ಚಕ್ರ ಮಾಡುತ್ತಾರೆ. ಉಕ್ಕು, ಮರ ಎರಡೂ ಗೊತ್ತಿರುವ ಕೈ. ಕೋವಿ ಎಂದರೆ ಇವೆರಡೂ ಸೇರಿದ್ದು.

ಕಂಪ್ಯೂಟರ್ ಹೇಳಿದಂತೆ ಕೊರೆಯುವ ಸಿಎನ್‌ಸಿ ಯಂತ್ರ ಬಂದ ಮೇಲೆ ಇನ್ನೊಂದು ಅನುಕೂಲವಾಯಿತು. ಹಿಂದೆ ಸಾಲುಗಟ್ಟಿದ ಯಂತ್ರಗಳು ಮಾಡುತ್ತಿದ್ದ ಕೆಲಸವನ್ನು ಈಗ ಒಂದೇ ಯಂತ್ರ ಹಲ್ಲು ಬದಲಿಸಿ ಬದಲಿಸಿ ಮಾಡುತ್ತದೆ. ಇವತ್ತು 1873ರ ಮಾದರಿ, ಮುಂದೆ 1886ರದ್ದು, ಆಮೇಲೆ 1892ರದ್ದು, ಹೀಗೆ ಸಣ್ಣ ಸಣ್ಣ ಕಂತು ಓಡಿಸಬಹುದು. ವರ್ಷಕ್ಕೆ ಲಕ್ಷ ಮಾರಾಟವಾಗದ ಕೋವಿ ಬದುಕುವುದು ಹೀಗೇ. ಮಿರೋಕುವಿನಿಂದ 94 ಬಂದದ್ದು 2010ರಲ್ಲಿ, 1873 ಬಂದದ್ದು 2013ರಲ್ಲಿ. ಕೊನೆಯ ಕೂಡಿಸುವಿಕೆ, ಮರಕ್ಕೂ ಉಕ್ಕಿಗೂ ನಡುವೆ ಕಾಗದವೂ ತೂರದಂತೆ ಕೂರಿಸುವುದು, ಅದಕ್ಕೆ ಈಗಲೂ ಕೈಯೇ ಬೇಕು. ಲಿವರ್ ಆಡಿಸಿ ನೋಡಿದವರಲ್ಲಿ ಅನೇಕರು, ಮೂಗು ಮುರಿಯುತ್ತಲೇ ಸರಿ, ನ್ಯೂ ಹೇವನ್ನಿನ ಕೊನೆಯ ದಿನಗಳ ಕೋವಿಗಿಂತ ಇದು ಚೆನ್ನಾಗಿದೆ ಎಂದು ಒಪ್ಪಿಕೊಳ್ಳುತ್ತಾರೆ.

ಮಾಡೆಲ್ 70ರ ಪಯಣ ಬೇರೆ. ಅದರ ಕೊಕ್ಕೆ 1990ರ ದಶಕದ ಶುರುವಿನಲ್ಲೇ ವಾಪಸ್ ಬಂದಿತ್ತು. ನ್ಯೂ ಹೇವನ್ ಮುಚ್ಚಿದ ಮೇಲೆ 2008ರಿಂದ ಸೌತ್ ಕ್ಯಾರೊಲೈನಾದ ಕೊಲಂಬಿಯಾದಲ್ಲಿ, ಎಫ್‌ಎನ್ ಕಾರ್ಖಾನೆಯಲ್ಲಿ ತಯಾರಾಯಿತು. 2013ರ ಸುಮಾರಿಗೆ ಜೋಡಣೆ ಕೆಲಸ ಪೋರ್ಚುಗಲ್ಲಿನ ವಿಯಾನಾ ಊರಿಗೆ ಹೋಯಿತು. ಅಲ್ಲಿ ಬ್ರೌನಿಂಗ್ 1973ರಿಂದಲೂ ಕಾರ್ಖಾನೆ ನಡೆಸುತ್ತಿದೆ.

ಯೆನ್ನಿನ ಲೆಕ್ಕ

ಜಪಾನ್ ಮೊದಲಿಗೆ ಅಗ್ಗವಾಗಿದ್ದದ್ದು ನಿಜ. 1971ರವರೆಗೆ ಒಂದು ಡಾಲರ್‌ಗೆ 360 ಯೆನ್. ಒಂದು ಕೋವಿ ಮಾಡಲು 36 ಸಾವಿರ ಯೆನ್ ಖರ್ಚು ಎಂದುಕೊಳ್ಳೋಣ, ಸುಮ್ನೆ ಲೆಕ್ಕಕ್ಕೆ. ಆಗ ಅದು 100 ಡಾಲರ್. 1985ರಲ್ಲಿ ಡಾಲರ್‌ಗೆ 240ರ ಆಸುಪಾಸು. ಅದೇ ಕೋವಿ 150 ಡಾಲರ್. ಆ ವರ್ಷ ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಐದು ದೇಶ ಕೂತು ಡಾಲರ್ ಇಳಿಸಲು ಒಪ್ಪಂದ ಮಾಡಿಕೊಂಡವು. ಕೆಲವೇ ವರ್ಷದಲ್ಲಿ ಯೆನ್ 120ರ ಹತ್ತಿರ ಬಂತು. ಕೋವಿ 300 ಡಾಲರ್. 1995ರ ಏಪ್ರಿಲ್‌ನಲ್ಲಿ 80ಕ್ಕೂ ಕೆಳಗೆ ಹೋಯಿತು. ಕೋವಿಯ ಒಂದು ಸ್ಕ್ರೂ ಕೂಡ ಬದಲಾಗದೆ ಬೆಲೆ 450 ಡಾಲರ್.

ವೆದರ್‌ಬಿ ಕಂಪನಿಯ ಓಡಾಟವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕ್ಯಾಲಿಫೋರ್ನಿಯಾದ ರಾಯ್ ವೆದರ್‌ಬಿ 1958ರಲ್ಲಿ ಮಾರ್ಕ್ 5 ಎಂಬ ಶ್ರೀಮಂತ ರೈಫಲ್ ತಂದ. ಸ್ವಲ್ಪದರಲ್ಲೇ ಅದರ ತಯಾರಿ ಜರ್ಮನಿಯ ಸಾವರ್ ಕಾರ್ಖಾನೆಗೆ ಹೋಯಿತು. ಅಲ್ಲಿ ದುಬಾರಿಯಾದಾಗ 1970ರ ದಶಕದಲ್ಲಿ ಜಪಾನಿನ ಹೋವಾಗೆ. ಈ ಹೋವಾ ಹುಟ್ಟಿದ್ದು 1907ರಲ್ಲಿ ಟೊಯೊಡಾ ಮಗ್ಗದ ಕಾರ್ಖಾನೆಯಾಗಿ. ಯೆನ್ ಏರಿದ ಮೇಲೆ, 1990ರ ದಶಕದ ನಡುವೆ, ಮಾರ್ಕ್ 5 ಅಮೆರಿಕಕ್ಕೆ ವಾಪಸ್ ಬಂತು. ವ್ಯಾನ್‌ಗಾರ್ಡ್ ಎಂಬ ಇನ್ನೊಂದು ಮಾದರಿ ಹೋವಾ ಹತ್ತಿರವೇ ಉಳಿಯಿತು. ಹೋದದ್ದೆಲ್ಲ ಹೋದ ಹಾಗೇ ಇರುವುದಿಲ್ಲ. ನೋಟಿನ ಬೆಲೆ ಬದಲಾದರೆ ಕಾರ್ಖಾನೆಯೂ ಎದ್ದು ನಡೆಯುತ್ತದೆ. ಬರೀ ಅಗ್ಗ ಬೇಕು ಎನ್ನುವವರು ಈಗ ಟರ್ಕಿಗೆ ಹೋಗುತ್ತಾರೆ. ವಿಂಚೆಸ್ಟರ್ ಹೆಸರಿನ ಪಂಪ್ ಷಾಟ್‌ಗನ್ ಬರುವುದು ಅಲ್ಲಿಂದ. ಕೋಚಿಗೆ ಹೋಗುವವರು ಕೆಲಸಗಾರಿಕೆಗಾಗಿ ಹೋಗುತ್ತಾರೆ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. 1968ರ ಕಾಯ್ದೆಯ ಪ್ರಕಾರ ಅಮೆರಿಕಕ್ಕೆ ಬರುವ ಕೋವಿ ಬೇಟೆ ಅಥವಾ ಕ್ರೀಡೆಗೆ ತಕ್ಕದ್ದಾಗಿರಬೇಕು. ಬೇಟೆ ರೈಫಲ್ಲಿಗೆ ಅದು ತೊಡಕೇ ಅಲ್ಲ. ತಯಾರಾದ ದೇಶದ ಹೆಸರು ಕಾಣುವಂತಿರಬೇಕು ಎಂಬುದು 1930ರ ಸುಂಕ ಕಾಯ್ದೆ, ನಳಿಗೆಯ ಮೇಲಿನ ಆ ಬರಹಕ್ಕೆ ಅದೂ ಒಂದು ಕಾರಣ. ಜೊತೆಗೆ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ. ಉದ್ದ ಕೋವಿ ಮತ್ತು ತೋಟಾ ಮೇಲೆ ಶೇ. 11 ತೆರಿಗೆ, ಆ ದುಡ್ಡು ವನ್ಯಜೀವಿಗಳ ರಕ್ಷಣೆಗೆ. ಅಮೆರಿಕದಲ್ಲೇ ಮಾಡಿದರೆ ತಯಾರಕ ಕಟ್ಟಬೇಕು, ಹೊರಗಿನಿಂದ ತಂದರೆ ತಂದವನು. ಹಾಗಾಗಿ ಕೋಚಿಯ ಕೋವಿಯೂ ಮೊಂಟಾನಾದ ಎಲ್ಕ್ ಕಡವೆಗಳ ಕಾಡಿಗೆ ತನ್ನ ಪಾಲು ಕಟ್ಟಿಯೇ ಅಂಗಡಿ ಸೇರುತ್ತದೆ.

ಪಕ್ಕದ ರಾಜ್ಯಕ್ಕೆ ಹೋಗಿ ಕೆಟ್ಟ ಕೋವಿ

ದೇಶ ಬಿಟ್ಟರೆ ಕೆಡುತ್ತದೆ, ದೇಶದಲ್ಲಿದ್ದರೆ ಉಳಿಯುತ್ತದೆ ಎನ್ನುವವರಿಗೆ ಮಾರ್ಲಿನ್ ಕತೆ ಹೇಳಬೇಕು. 1870ರಲ್ಲಿ ಶುರುವಾಗಿ, ವಿಂಚೆಸ್ಟರ್‌ಗೆ ಅದೇ ಊರಿನಲ್ಲಿ ಪೈಪೋಟಿ ಕೊಟ್ಟ ಲಿವರ್ ಕೋವಿ ಕಂಪನಿ ಅದು. 2008ರ ಶುರುವಿನಲ್ಲಿ ರೆಮಿಂಗ್ಟನ್ ಅದನ್ನು ಕೊಂಡಿತು. 2011ರಲ್ಲಿ, ನ್ಯೂ ಹೇವನ್‌ಗೆ ಅಂಟಿಕೊಂಡ ನಾರ್ತ್ ಹೇವನ್ನಿನ ಕಾರ್ಖಾನೆ ಮುಚ್ಚಿ ಯಂತ್ರಗಳನ್ನು ಪಕ್ಕದ ನ್ಯೂಯಾರ್ಕ್ ರಾಜ್ಯದ ಇಲಿಯನ್‌ಗೆ ಸಾಗಿಸಿತು. ಯಂತ್ರಗಳು ಹಳೆಯವು, ಸವೆದವು. ಅವುಗಳಲ್ಲಿ ಅಳತೆ ತಪ್ಪದಂತೆ ಕೆಲಸ ತೆಗೆಯುವುದು ವರ್ಷಗಟ್ಟಲೆ ಮುಂದೆ ನಿಂತವರಿಗೆ ಮಾತ್ರ ಗೊತ್ತಿತ್ತು. ಇಂಥ ಯಂತ್ರದ ಹಿಡಿಯನ್ನು ನಕ್ಷೆ ಹೇಳಿದ್ದಕ್ಕಿಂತ ಒಂದು ಕೂದಲು ಆಚೆ ತಿರುಗಿಸಬೇಕು, ಅದು ಕೈಗೆ ಗೊತ್ತಿರುತ್ತದೆ, ನಕ್ಷೆಯಲ್ಲಿ ಬರೆದಿರುವುದಿಲ್ಲ. ಯಂತ್ರ ಲಾರಿ ಹತ್ತಿತು, ಆ ಮನುಷ್ಯರು ಮನೆಯಲ್ಲೇ ಉಳಿದರು.

ಇಲಿಯನ್ನಿನಿಂದ ಬಂದ ಮಾರ್ಲಿನ್‌ಗಳಲ್ಲಿ ಗುರಿ ನೋಡುವ ಕಣ್ಣು ಓರೆ, ಮರಕ್ಕೂ ಉಕ್ಕಿಗೂ ನಡುವೆ ಸಂದು. ಜನ ರೆಮಿಂಗ್ಟನ್, ಮಾರ್ಲಿನ್ ಎರಡನ್ನೂ ಕಲಸಿ ‘ರೆಮ್ಲಿನ್’ ಎಂದು ಹಂಗಿಸಿದರು. ಎರಡೂ ಅಮೆರಿಕದವೇ. 2020ರಲ್ಲಿ ರೆಮಿಂಗ್ಟನ್ ಎರಡನೇ ಸಲ ದಿವಾಳಿಯಾದಾಗ ಮಾರ್ಲಿನ್ ರೂಗರ್ ಕೈಗೆ ಬಂತು. ಅವರು 2021ರ ಕೊನೆಗೆ ನಾರ್ತ್ ಕ್ಯಾರೊಲೈನಾದಲ್ಲಿ ಹೊಸ ಯಂತ್ರಗಳಲ್ಲಿ ತಯಾರಿ ಶುರು ಮಾಡಿದರು. ಈಗ ಒಳ್ಳೆಯ ಮಾತು ಕೇಳಿಬರುತ್ತಿದೆ. ಇಲಿಯನ್ ಕಾರ್ಖಾನೆ 2024ರ ಮಾರ್ಚ್‌ನಲ್ಲಿ ಮುಚ್ಚಿತು. ರೆಮಿಂಗ್ಟನ್ ತನ್ನ ಹುಟ್ಟನ್ನು ಲೆಕ್ಕ ಹಾಕುವುದು 1816ರಿಂದ, ಆ ಊರಿನ ಸುತ್ತಲೇ ಬೆಳೆದ ಕಂಪನಿ. ಅದು ಹೋದದ್ದು ಜಾರ್ಜಿಯಾ ರಾಜ್ಯಕ್ಕೆ.

ಹಾಗಂತ ಜಪಾನಿನ ವಿಂಚೆಸ್ಟರ್ ಮೇಲೆ ದೂರೇ ಇಲ್ಲ ಎಂದಲ್ಲ. ಹಳೆಯ 94ರಲ್ಲಿ ಹ್ಯಾಮರ್ ಅನ್ನು ಅರ್ಧ ಎಳೆದು ನಿಲ್ಲಿಸಿದರೆ ಅದೇ ಸುರಕ್ಷತೆ. ಹೊಸದರಲ್ಲಿ ಹ್ಯಾಮರ್ ಬಡಿದ ತಕ್ಷಣ ಸ್ಪ್ರಿಂಗಿನ ಬಲದಿಂದ ತಾನೇ ಸ್ವಲ್ಪ ಹಿಂದೆ ಸರಿಯುತ್ತದೆ, ಮೇಲಿಂದ ಹೆಬ್ಬೆರಳಿನ ಹತ್ತಿರ ಒಂದು ಸೇಫ್ಟಿ ಗುಂಡಿ ಬೇರೆ. ಕೋವಿಯ ಬೆನ್ನ ಮೇಲೆ ಆ ಗುಂಡಿ ಕಂಡರೆ ಹಳಬರಿಗೆ ಮೈ ಉರಿಯುತ್ತದೆ, ಜಪಾನಿನವರು ಹಾಳು ಮಾಡಿದರು ಎನ್ನುತ್ತಾರೆ. ಆ ಗುಂಡಿ ಬಂದದ್ದು ನ್ಯೂ ಹೇವನ್ನಿನಲ್ಲಿದ್ದಾಗಲೇ, 2003ರಲ್ಲಿ.

ಅಂದ ಹಾಗೆ, ಆಂಡರ್ಸನ್ ಹೊತ್ತು ತಿರುಗಿದ ಆ 1895ರ ಮಾದರಿಯೂ ಮಿರೋಕುವಿನ ಕೈಯಲ್ಲೇ ಮತ್ತೆ ಹುಟ್ಟಿದೆ, 405 ತೋಟಾಗೂ ಸೇರಿ. ಅದನ್ನು ಕೂಡಿಸುವ ಕೋಚಿಯ ಕೆಲಸಗಾರನೊಬ್ಬ ಅಂಥದ್ದೊಂದನ್ನು ಮನೆಗೆ ಒಯ್ಯಬೇಕು ಎಂದುಕೊಂಡರೆ ಸುಲಭವಲ್ಲ. ಜಪಾನಿನ ಕಾನೂನಿನಲ್ಲಿ ಸಾಮಾನ್ಯವಾಗಿ ಹತ್ತು ವರ್ಷ ಷಾಟ್‌ಗನ್ ಇಟ್ಟುಕೊಂಡು, ಪರೀಕ್ಷೆ, ವೈದ್ಯರ ಕಾಗದ, ಪೊಲೀಸರ ವಿಚಾರಣೆ ಎಲ್ಲ ದಾಟಿದ ಬೇಟೆಗಾರನಿಗಷ್ಟೇ ರೈಫಲ್ ಪರವಾನಗಿ. ಅಷ್ಟರವರೆಗೆ ಅವನು ಲಿವರ್ ಆಡಿಸಿ, ಜಾರುವುದು ಸರಿಯಿದೆಯೇ ಎಂದು ನೋಡಿ, ಪೆಟ್ಟಿಗೆಗೆ ಹಾಕಿ ಕಳಿಸುತ್ತಾನೆ.